ತಂಗಮ್ಮನ ಒಂಬತ್ತು ಗೇಟುಗಳು

ಮಲ್ಲಂದೂರು
10 ಜೂನ್ 2024

ಸುಕನ್ಯಾ,

ಕೊನೆಯಲ್ಲಿರುವ ಹೆಸರು ನೋಡುವ ಮೊದಲೇ ಇದು ಯಾರ ಕಾಗದವೆಂದು ನಿನಗೆ ಗೊತ್ತಾಗಿರುತ್ತದೆ. ನನ್ನ ಕೋಳಿಕಾಲಿನ ಅಕ್ಷರವನ್ನು ಎಂಟನೇ ಕ್ಲಾಸಿನಲ್ಲಿ ತಿದ್ದಿದವಳು ನೀನೇ. ನಿನ್ನ ಫೋನ್ ನಂಬರ್ ಕೊಡಲು ಡಬ್ಬಿಂಗ್ ಸ್ಟುಡಿಯೋದವರು ಒಪ್ಪಲಿಲ್ಲ. ಕಾಗದವಾದರೆ ತಲುಪಿಸುತ್ತೇವೆ ಎಂದರು. ಹಾಗಾಗಿ ಇಪ್ಪತ್ತು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ.

ನಾನೀಗ ಎಸ್ಟೇಟಿನಲ್ಲೇ ಇದ್ದೇನೆ, ಅಪ್ಪ ಮತ್ತು ಅಜ್ಜಿಯ ಜೊತೆ. ಬಂಗಲೆಯ ಹಿಂದಿನ ನಾಲ್ಕು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇನೆ. ಹೋದ ಶನಿವಾರ ಬಂದ ಗೆಸ್ಟುಗಳು ಹಜಾರದ ಟಿವಿಯಲ್ಲಿ ಜಪಾನಿನ ಒಂದು ಕಾರ್ಟೂನ್ ಹಾಕಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. "ಕಾರ್ಟೂನ್ ಅಲ್ಲ ಮೇಡಂ, ಅನಿಮೆ" ಎಂದು ನನ್ನನ್ನು ತಿದ್ದಿದರು. ಹೆಸರು 'ದೆವ್ವಗಳ ದೂರುಪೆಟ್ಟಿಗೆ'. ಬೆಟ್ಟದೂರಿನ ಮುಚ್ಚಿದ ಪೋಸ್ಟಾಫೀಸಿನ ಡಬ್ಬಿಗೆ ದೆವ್ವಗಳು ದೂರು ಬರೆದು ಹಾಕುವುದು; ಹಿನಾ ಎಂಬ ಶಾಲೆಯ ಹುಡುಗಿ ಮತ್ತು ಮನುಷ್ಯರನ್ನು ಕಂಡರೆ ನಡುಗುವ ಒಂದು ಪೋಸ್ಟ್‌ಮ್ಯಾನ್ ದೆವ್ವ ಸೇರಿ ಪತ್ತೆ ಮಾಡುವುದು. ನನಗೂ ನಗು ಬಂತು. ನಿಂತು ನೋಡಿದೆ.

ಅದು ಆರನೇ ಕಂತು. ಸತ್ತರೂ ಮನೆ ಬಿಡದ ಮುದುಕಿ ಯಜಮಾನಿಯೊಬ್ಬಳು ಅಡುಗೆಯವಳತ್ತ ಕೈ ಚಾಚಿ ಕಿರುಚಿದಳು: "ಏ ಹೆಣ್ಣೇ, ಹೊಸ್ತ್ಲಾಚೆ ನಿಲ್ಲೇ! ನಿನ್ ನೆಳ್ಳು ನನ್ ದೇವ್ರ ಮೇಲೆ ಬೀಳ್ತದೆ!"

ನಾನು ಅಲ್ಲೇ ಕುಳಿತುಬಿಟ್ಟೆ. ಅದು ನನ್ನ ಅಜ್ಜಿಯ ಮಾತು. ಅದೇ ಎಳೆತ, ಮಧ್ಯೆ ಮಧ್ಯೆ ಅದೇ ಕೆಮ್ಮು. ಕೊನೆಯಲ್ಲಿ ಕನ್ನಡ ಸಂಭಾಷಣೆ ಎಂದು ನಿನ್ನ ಹೆಸರು ಬಂತು.

ಈಗ ತೋಟದಾಳುಗಳ ಲೈನ್ ಮನೆಯ ಮಕ್ಕಳೆಲ್ಲ ಬಂಗಲೆಯ ಮುಂದೆ ಹಾಗೆ ಕೂಗಿ ಓಡುತ್ತವೆ. ರೈಟರ್ ರೇಣುಕಪ್ರಸಾದ್ ಲೆಕ್ಕದ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಾನೆ. ಅಜ್ಜಿಗೆ ಎಂಬತ್ತೆಂಟು. ಅಪ್ಪ ಊರಲ್ಲಿ ಮರ್ಯಾದಸ್ಥರು. ದಯವಿಟ್ಟು ಆ ಮಾತುಗಳನ್ನು ತೆಗೆಸು. ಎಂದೋ ಆದದ್ದು, ನಾವಾಗ ಮಕ್ಕಳು.

ತಂಗಮ್ಮ ಹೇಗಿದ್ದಾಳೆ?

ಇಂತಿ,
ರಕ್ಷಾ


ಚಿಕ್ಕಮಗಳೂರು
19 ಜೂನ್ 2024

ರಕ್ಷಾ,

ನಿಮ್ಮ ಅಡುಗೆಮನೆಯಲ್ಲಿ ನಿನ್ನನ್ನು 'ಸಣ್ಣಮ್ಮಾವ್ರೇ, ನೀವು' ಎನ್ನುತ್ತಿದ್ದೆ, ತೋಟದೊಳಗೆ 'ಲೇ ರಕ್ಷಾ' ಎನ್ನುತ್ತಿದ್ದೆ. ಈ ಕಾಗದಕ್ಕೆ ತೋಟದ ಮಾತೇ ಸಾಕು.

ನಿನ್ನ ಕಾಗದವನ್ನು ಮೂರು ಸಲ ಓದಿದೆ, ಸಂತೋಷಕ್ಕೆ. ಲೈನ್ ಮನೆಯ ಮಕ್ಕಳು ಕೂಗುತ್ತವೆ ಎಂಬ ಸಾಲನ್ನು ನಾಲ್ಕನೆಯ ಸಲವೂ ಓದಿದೆ.

ಒಂದು ವಿಷಯ ತಿಳಿದುಕೋ. ಆ ಕಥೆಗೆ ನಾನು ಏನನ್ನೂ ಸೇರಿಸಿಲ್ಲ. ಜಪಾನಿನವರು ಬರೆದದ್ದೇ ಹಾಗಿದೆ: ಮನೆಯಲ್ಲಿ ದೆವ್ವದ ಕಾಟ, ಅಡುಗೆಯವಳ ಮೇಲೆ ಅಪವಾದ, ಕಾಟ ಕೊಟ್ಟವಳು ಮನೆಯ ಮಗಳು. ಸ್ಟುಡಿಯೋದಿಂದ ವಿಡಿಯೋ ಬಂದ ದಿನ ಅದನ್ನು ನಿಲ್ಲಿಸಿ ಮೊದಲಿಂದ ಮತ್ತೆ ನೋಡಿದೆ. ನನ್ನ ಕೆಲಸ ಇಷ್ಟೇ: ಪಾತ್ರದ ಬಾಯಿ ಎಷ್ಟು ಸಲ ತೆರೆಯುತ್ತದೋ ಅಷ್ಟಕ್ಕೆ ಹೊಂದುವ ಕನ್ನಡ ಹುಡುಕುವುದು. ಆ ಮುದುಕಿಯ ಬಾಯಿಗೆ ನಿನ್ನ ಅಜ್ಜಿಯ ಮಾತು ಹೊಂದಿದಷ್ಟು ಇನ್ಯಾವುದೂ ಹೊಂದಲಿಲ್ಲ. ಧ್ವನಿ ಕೊಟ್ಟ ರುಕ್ಮಿಣಮ್ಮನವರಿಗೆ ಆ ಕೆಮ್ಮನ್ನು ನಾನೇ ಕಲಿಸಿದೆ.

ಎಂದೋ ಆದದ್ದು ಎನ್ನುತ್ತೀಯ. ಎರಡು ಸಾವಿರದ ನಾಲ್ಕು, ಜನವರಿ ತಿಂಗಳು, ಕಾಫಿ ಕೊಯ್ಲು. ಹತ್ತು ದಿನ ನಿಮ್ಮ ಹೆಂಚಿನ ಮೇಲೆ ಕಲ್ಲು ಬಿದ್ದವು. ಮಧ್ಯಾಹ್ನ ಎಲ್ಲ ಮಲಗಿದ್ದಾಗ ಅಟ್ಟದ ಮೇಲೆ ಗೆಜ್ಜೆ ಕೇಳಿತು. ಅಜ್ಜಿ ಕಣಿ ಹೇಳುವವನನ್ನು ಕರೆಸಿದರು. ಒಲೆಯ ಮುಂದೆ ಓಡಾಡುವ ಹೆಂಗಸು ತಂದದ್ದು ಎಂದು ಅವನು ಹೇಳಿದ. ಕಾಫಿ ಒಣಗುವ ಕಣದ ಮಧ್ಯೆ, ಕೊಯ್ಲಿನ ಅಷ್ಟೂ ಜನರೆದುರು ನನ್ನ ಅವ್ವನನ್ನು ನಿಲ್ಲಿಸಿ ಬೇವಿನ ಸೊಪ್ಪಿನಲ್ಲಿ ಹೊಡೆದರು. ಜಡೆ ಕತ್ತರಿಸಿದರು. ನಿನ್ನ ಅಪ್ಪ ಮಲ್ಲಿಕಾರ್ಜುನ ಸಾವ್ಕಾರ್ರು ಜೀಪಿಗೆ ಒರಗಿ ನಿಂತಿದ್ದರು. ಸಂಜೆಯೊಳಗೆ ಲೈನ್ ಮನೆ ಖಾಲಿ ಮಾಡಿದೆವು. ಅವ್ವ ಆ ವರ್ಷ ಒಂಬತ್ತು ಎಸ್ಟೇಟುಗಳಲ್ಲಿ ಕೆಲಸ ಕೇಳಿದಳು. ಒಂಬತ್ತು ಗೇಟಿನಲ್ಲೂ 'ದೆವ್ವದ ತಂಗಮ್ಮ' ಎಂದು ವಾಪಸು ಕಳಿಸಿದರು. ಕೊನೆಗೆ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಪಾತ್ರೆ ತೊಳೆದು ನನ್ನನ್ನು ಓದಿಸಿದಳು. ಈಗ ನನ್ನ ಜೊತೆ ಇದ್ದಾಳೆ. ಇಂದಿಗೂ ತಲೆಯ ಮೇಲಿನ ಸೆರಗು ತೆಗೆಯುವುದಿಲ್ಲ.

ನಾನು 'ಇದ್ದಾಳೆ' ಎನ್ನಬಹುದು, ಅವಳು ನನ್ನ ಅವ್ವ. ನೀನು 'ಇದ್ದಾರೆ' ಎಂದು ಬರೆಯುವುದನ್ನು ಕಲಿ.

ಮಾತು ತೆಗೆಸುವುದಿಲ್ಲ. ಅದೇ ಕಣದಲ್ಲಿ ನಿಂತು, ಆ ದೆವ್ವ ನಾನೇ ಆಗಿದ್ದೆ ಎಂದು ನೀನು ಹೇಳಬೇಕು. ಇನ್ನೂ ಆರು ಕಂತುಗಳಿವೆ. ಆ ಮುದುಕಿ ಅವುಗಳಲ್ಲಿ ನಾಲ್ಕರಲ್ಲಿ ಬರುತ್ತಾಳೆ.

ಸುಕನ್ಯಾ


ಮಲ್ಲಂದೂರು
8 ಜುಲೈ 2024

ಸುಕನ್ಯಾ,

ಎಂಟನೇ ಕಂತು ಬಂದ ದಿನ ಅಪ್ಪ ವಕೀಲರಿಗೆ ಫೋನು ಮಾಡಿದರು. ಜಪಾನಿನ ಮುದುಕಿಯ ಮೇಲೆ ಏನೆಂದು ಕೇಸು ಹಾಕೋಣ ಎಂದು ವಕೀಲರು ಕೇಳಿದರಂತೆ. ಗೆಸ್ಟುಗಳು 'ದೆವ್ವದ ಅಟ್ಟ' ಯಾವುದೆಂದು ಕೇಳಿ ಅಲ್ಲೇ ಮಲಗುತ್ತೇವೆ ಎನ್ನುತ್ತಾರೆ.

ಅಜ್ಜಿಗೆ ಯಾರೂ ತೋರಿಸಬಾರದು ಎಂದಿದ್ದೆ. ಆದರೆ ಅವರನ್ನು ನೋಡಿಕೊಳ್ಳುವ ವಿಮಲಮ್ಮ ಮೊಬೈಲಿನಲ್ಲಿ ತೋರಿಸಿಬಿಟ್ಟಳು. ಅಜ್ಜಿ ಹಲ್ಲಿನ ಸೆಟ್ ಕಳಚುವಷ್ಟು ನಕ್ಕರು. "ಯಾರೇ ಈ ಮುದ್ಕಿ? ಥೇಟ್ ನಮ್ಮತ್ತೆ ಕಣೇ, ಏನ್ ಬಾಯಿ ಮಾರಾಯ್ತಿ!" ಎಂದರು. ತಾನೇ ಅದು ಎಂದು ಅವರಿಗೆ ಹೊಳೆಯಲೇ ಇಲ್ಲ. ನೀನು ಹೂಡಿದ ಬಾಣ ಅಲ್ಲಿಗಂತೂ ತಾಗಲಿಲ್ಲ.

ನನಗೆ ತಾಗಿದೆ. ಕಂಪನಿಗೆ ಬರೆದು ನಿನ್ನ ಕೆಲಸಕ್ಕೆ ಕುತ್ತು ತರಬಹುದು. ತರುವುದಿಲ್ಲ. ನಿನಗೆ ಒಂದೇ ಒಂದು ಮಾತು ನೆನಪಿಸಿದರೆ ಸಾಕು.

ಗೆಜ್ಜೆ ಕಟ್ಟಿಕೊಂಡು ಅಟ್ಟದ ಮೇಲೆ ಓಡಾಡಿದವಳು ನಾನು, ನಿಜ. ಮನೆಗೆ ದೆವ್ವ ಹಿಡಿದಿದೆ ಎಂದಾದರೆ ನನ್ನನ್ನು ಮಂಗಳೂರಿನ ಹಾಸ್ಟೆಲಿಗೆ ಕಳಿಸುವುದನ್ನು ಮುಂದೆ ಹಾಕುತ್ತಾರೆ ಅಂದುಕೊಂಡಿದ್ದೆ. ಆದರೆ ಹಲಸಿನ ಮರ ಹತ್ತಿ ಹೆಂಚಿಗೆ ಕಲ್ಲು ಎಸೆದವರು ಯಾರು? ನನಗೆ ಮರ ಹತ್ತಲು ಬರುತ್ತಿರಲಿಲ್ಲ. "ನೀನ್ ಹೋದ್ರೆ ನಂಗ್ಯಾರಿದ್ದಾರೆ, ನಾನು ಹೊಡಿತೀನಿ ಬಿಡು" ಎಂದು ಲಂಗ ಎತ್ತಿ ಕಟ್ಟಿದವರು ಯಾರು?

ಕಣದಲ್ಲಿ ನಾನು ಬಾಯಿ ಬಿಡಲಿಲ್ಲ. ಮೊದಲು ನಗು ಬರುತ್ತಿತ್ತು, ಬೇವಿನ ಸೊಪ್ಪು ತಂದಾಗ ಹೆದರಿದೆ. ನೀನೂ ಅಲ್ಲೇ, ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳ ಪಕ್ಕ ನಿಂತಿದ್ದೆ. ಅದು ನನ್ನ ಅವ್ವ ಆಗಿರಲಿಲ್ಲ ಸುಕನ್ಯಾ. ನಿನ್ನವಳು. ನೀನೇಕೆ ಬಾಯಿ ಬಿಡಲಿಲ್ಲ?

ನಿನ್ನ ಈ ಎಂಟು ಕಂತುಗಳಲ್ಲಿ ಕಲ್ಲು ಎಸೆದ ಹುಡುಗಿ ಎಲ್ಲಿಯೂ ಬಂದಿಲ್ಲ. ಗಮನಿಸಿದೆ.

ರಕ್ಷಾ


ಚಿಕ್ಕಮಗಳೂರು
30 ಆಗಸ್ಟ್ 2024

ರಕ್ಷಾ,

ಏಳು ವಾರ ನಿನ್ನ ಕಾಗದ ನನ್ನ ಮೇಜಿನ ಖಾನೆಯಲ್ಲಿತ್ತು. ಉತ್ತರ ಬರೆಯಲು ಕುಳಿತಾಗಲೆಲ್ಲ ನಿನ್ನನ್ನು ಬೈಯುವ ಒಳ್ಳೊಳ್ಳೆಯ ವಾಕ್ಯಗಳು ಬಂದವು. ಒಂದನ್ನೂ ಕಳಿಸಲಾಗಲಿಲ್ಲ.

ನಾನು ಬಾಯಿ ಬಿಡದಿದ್ದುದಕ್ಕೆ ಕಾರಣ ಹೇಳಬಲ್ಲೆ. ಹೇಳಿದರೆ ಅವ್ವನ ಜೊತೆ ನನ್ನನ್ನೂ ಅಲ್ಲೇ ನಿಲ್ಲಿಸುತ್ತಾರೆ ಎಂದುಕೊಂಡೆ. ಹದಿನಾಲ್ಕು ವರ್ಷದವಳಿಗೆ ಅಷ್ಟು ಸಾಕು. ಆದರೆ ಮೂವತ್ತನಾಲ್ಕರವರೆಗೆ ಯಾಕೆ ಸುಮ್ಮನಿದ್ದೆ ಎಂಬುದಕ್ಕೆ ಕಾರಣವಿಲ್ಲ. ಪ್ರತಿ ವರ್ಷ ನಿನ್ನ ಮೇಲೆ ಇನ್ನಷ್ಟು ಸಿಟ್ಟು ಹೇರಿಕೊಂಡೆ, ನನ್ನ ಪಾಲಿನದನ್ನೂ ಸೇರಿಸಿ.

ಹೋದ ಭಾನುವಾರ ಬೆಳಿಗ್ಗೆ ಅವ್ವ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಒಲೆಯ ಪಕ್ಕ ಕುಳಿತು ನಿನ್ನ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆ. ಅವ್ವನಿಗೆ ಓದಲು ಬಾರದು. ಮಧ್ಯದ ಒಂದು ಸಾಲು ನುಂಗಿಬಿಡಬಹುದಿತ್ತು. ನುಂಗಲಿಲ್ಲ.

ಅವ್ವ ರೊಟ್ಟಿ ತಿರುವಿ ಹಾಕಿದಳು. ಬೆಂದ ಮೇಲೆ ತೆಗೆದಿಟ್ಟು ಗ್ಯಾಸ್ ಆರಿಸಿದಳು. ಆಮೇಲೆ ಕೇಳಿದಳು:

"ಎಷ್ಟ್ ಕಲ್ಲು ಹೊಡ್ದೆ?"

"ಗೊತ್ತಿಲ್ಲ ಅವ್ವಾ."

"ದಿನಕ್ಕೆಷ್ಟು?"

"ನಾಕೋ ಐದೋ."

"ನಲ್ವತ್ತು, ಐವತ್ತು" ಎಂದಳು. "ಒಂದೊಂದು ಬಿದ್ದಾಗ್ಲೂ ನಾನು ಒಳಗೆ ನಡುಗ್ತಾ ಇದ್ದೆ. ನನ್ ಮಗಳು ಒಬ್ಳೇ ಲೈನಲ್ಲಿದ್ದಾಳಲ್ಲ, ಅವಳಿಗೇನಾಯ್ತೋ ಅಂತ."

ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಹೋದೆ. ಕೊಟ್ಟಿಗೆಹಾರದ ಬಸ್ಸು ಹತ್ತಿ, ನಾನು ನಿಂತ ಕಡೆ ಬಿಟ್ಟು ಆಚೆ ಬದಿಯ ಕಿಟಕಿಯ ಸೀಟಿನಲ್ಲಿ ಕುಳಿತಳು.

ನಿನ್ನ ಬಾಣ ತಾಗಿದೆ ಎಂದು ತಿಳಿಸಲು ಇಷ್ಟು ಬರೆದೆ.

ಸುಕನ್ಯಾ


ಮಲ್ಲಂದೂರು
23 ಸೆಪ್ಟೆಂಬರ್ 2024

ಸುಕನ್ಯಾ,

ನಿನ್ನ ಅವ್ವ ಇಲ್ಲಿಗೆ ಬಂದಿದ್ದರು.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಒಬ್ಬರೇ, ಕೊಡೆ ಹಿಡಿದುಕೊಂಡು ಮುಂಬಾಗಿಲಿಗೇ ಬಂದರು. ಅಜ್ಜಿ ವರಾಂಡದಲ್ಲಿ ಕುಳಿತಿದ್ದರು. "ಯಾರೇ ಅದು?" ಎಂದರು.

"ನಾನಮ್ಮಾ. ನಿಮ್ಮನೆ ದೆವ್ವ."

ಕೊಡೆ ಮಡಚಿ, ಹೊಸ್ತಿಲು ದಾಟಿ ಒಳಗೆ ಬಂದು ಅಪ್ಪನ ಬೆತ್ತದ ಕುರ್ಚಿಯ ಮೇಲೆ ಕುಳಿತರು. ವಿಮಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ತಂಗಮ್ಮ ನನ್ನ ಕಡೆ ನೋಡಿ, "ಹೇಳಿ ಸಣ್ಣಮ್ಮಾ, ನಿಮ್ಮಜ್ಜಿಗೆ" ಎಂದರು.

ಹೇಳಿದೆ. ಗೆಜ್ಜೆ ಎಲ್ಲಿಂದ ತಂದೆ, ಅಟ್ಟ ಹೇಗೆ ಹತ್ತಿದೆ, ಎಲ್ಲ. ಅಜ್ಜಿ ಕೇಳಿಸಿಕೊಂಡು ತಲೆ ಕೊಡವಿದರು.

"ಸುಳ್ಳು. ಆ ದೆವ್ವನ್ನ ನಾನೇ ಕಣ್ಣಾರೆ ಕಂಡಿದ್ದೀನಿ. ಬಿಳೀ ಸೀರೆ ಉಟ್ಟಿತ್ತು."

ನಾನು ಎಂದೂ ಬಿಳಿ ಸೀರೆ ಉಟ್ಟಿರಲಿಲ್ಲ. ಮತ್ತೆ ಮತ್ತೆ ಹೇಳಿದೆ. ಅವರಿಗೆ ಸಿಟ್ಟು ಬಂದು ಕೋಲು ಎತ್ತಿದರು. ಆ ದೆವ್ವವನ್ನು ಅವರ ಕೈಯಿಂದ ಯಾರಿಂದಲೂ ಕಿತ್ತುಕೊಳ್ಳಲಾಗದು.

"ಬಿಡಿ, ಈ ಮನೇಲಿ ಹೇಳಿ ಪ್ರಯೋಜನ ಇಲ್ಲ" ಎಂದು ತಂಗಮ್ಮ ಎದ್ದರು. "ನನ್ನ ವಾಪಸ್ ಕಳ್ಸಿದ್ದು ಒಂಬತ್ತು ಗೇಟು. ಒಂದೊಂದರಲ್ಲೂ ನಿಂತು ಹೇಳ್ಬೇಕು ನೀವು."

ಅಷ್ಟರಲ್ಲಿ ಅಪ್ಪ ಬಂದರು. ಮರ್ಯಾದೆ, ಮನೆತನ, ಹೋಂಸ್ಟೇ ಎಂದೆಲ್ಲ ಹೇಳಿದರು. ನಾನು ಬರುತ್ತೇನೆ ಎಂದಾಗ ಜೀಪಿನ ಕೀ ಜೇಬಿಗೆ ಹಾಕಿಕೊಂಡರು. ತಂಗಮ್ಮ ಅವರ ಮುಖ ನೋಡಿ, "ಇಟ್ಕಳಿ ಸಾವ್ಕಾರ್ರೇ. ನಾನು ಅವತ್ತು ಜೀಪಲ್ಲಿ ಹೋಗಿರ್ಲಿಲ್ಲ" ಎಂದರು.

ಬರುವ ಭಾನುವಾರ ಮೊದಲನೆಯ ಗೇಟು. ಆಲ್ದೂರಿನ ಬಸ್‌ಸ್ಟಾಪಿನಲ್ಲಿ ಎಂಟು ಗಂಟೆಗೆ ಇರಬೇಕಂತೆ. ಒಪ್ಪಿಕೊಂಡಿದ್ದೇನೆ. ನಿನ್ನ ಮೇಲಿನ ಪ್ರೀತಿಗಲ್ಲ.

ರಕ್ಷಾ


ಚಿಕ್ಕಮಗಳೂರು
1 ಅಕ್ಟೋಬರ್ 2024

ರಕ್ಷಾ,

ನಾಲ್ಕು ಸಲ ಕೊಟ್ಟಿಗೆಹಾರಕ್ಕೆ ಹೋದೆ. ಹೋಟೆಲಿನ ರೇವತಿ ಬಾಗಿಲಲ್ಲೇ ತಡೆದು, "ಬೇಡ ಅಂತಿದ್ದಾರೆ ಅಕ್ಕಾ" ಎನ್ನುತ್ತಾಳೆ. ಒಳಗೆ ಅವ್ವ ಪಾತ್ರೆ ತೊಳೆಯುವ ಸದ್ದು ಕೇಳುತ್ತದೆ. ಅರವತ್ತೆರಡು ವರ್ಷ ಅವಳಿಗೆ.

ನಿನ್ನ ಜೊತೆ ಬಸ್ಸಿನಲ್ಲಿ ಕುಳಿತು ಓಡಾಡುತ್ತಾಳೆ, ನನ್ನ ಮುಖ ನೋಡುವುದಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿದೆ ಎಂದು ಬರೆಯಲು ನಾಚಿಕೆ. ನಾನೂ ಗೇಟುಗಳಿಗೆ ಬರುತ್ತೇನೆ ಎಂದು ಹೇಳು. ಕಲ್ಲಿನ ವಿಷಯ ನಾನೇ ಹೇಳುತ್ತೇನೆ. ನನ್ನ ಬಗ್ಗೆ ಏನಾದರೂ ಮಾತಾಡುತ್ತಾಳೆಯೇ, ಅದನ್ನೂ ಬರೆ.

ಸುಕನ್ಯಾ


ಮಲ್ಲಂದೂರು
2 ಡಿಸೆಂಬರ್ 2024

ಸುಕನ್ಯಾ,

ಒಂಬತ್ತೂ ಮುಗಿದವು. ಹತ್ತು ಭಾನುವಾರ ಬೇಕಾಯಿತು, ಒಂದು ದಿನ ಮಳೆಗೆ ಮರ ಬಿದ್ದು ಬಸ್ಸು ಹೋಗಲಿಲ್ಲ.

ನೀನು ಬರುವ ಮಾತು ಮೊದಲ ವಾರವೇ ಕೇಳಿದೆ. "ಇದು ನಿಮ್ದು. ಅವಳದ್ದು ಬೇರೆ" ಎಂದರು. ಅದಕ್ಕಿಂತ ಹೆಚ್ಚು ನಿನ್ನ ಹೆಸರು ಎತ್ತಲಿಲ್ಲ. ಇದ್ದದ್ದನ್ನು ಬರೆಯುತ್ತಿದ್ದೇನೆ.

ಅವರು ಒಂದು ಗೇಟನ್ನೂ ಮರೆತಿರಲಿಲ್ಲ. ಮೊದಲನೆಯದರಲ್ಲಿ ವಾಚ್‌ಮನ್ನನ್ನು ಕರೆದು, "ತಂಗಮ್ಮ ದೆವ್ವ ತರ್ಲಿಲ್ಲ. ಆ ದೆವ್ವ ನಾನೇ" ಎಂದೆ. ವಾಚ್‌ಮನ್ ನನ್ನ ಕಾಲು ನೆಲಕ್ಕೆ ತಾಗಿದೆಯೇ ಎಂದು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಬಾಬಾಬುಡನ್‌ಗಿರಿ ದಾರಿಯಲ್ಲಿದ್ದ ಎಸ್ಟೇಟು ಈಗ ರೆಸಾರ್ಟು. ರಿಸೆಪ್ಷನ್ನಿನ ಹುಡುಗಿಗೆ ಕನ್ನಡ ಬಾರದು. ಹಿಂದಿಯಲ್ಲಿ ಹೇಳಿದೆ. ಘೋಸ್ಟ್ ಟೂರ್ ನಾಳೆಯಿಂದ ಎಂದಳು. ನಾನು ಹೊರಟುಬಿಡೋಣ ಎಂದೆ. "ಮ್ಯಾನೇಜರ್ ಬರ್ಲಿ, ಕೂತ್ಕಳಣ" ಎಂದರು ತಂಗಮ್ಮ. ಎರಡು ತಾಸು ಕುಳಿತೆವು. ಮ್ಯಾನೇಜರಿಗೂ ಹೇಳಿಸಿದರು. ಕಳಸದ ಹತ್ತಿರದ ಎಸ್ಟೇಟಿನಲ್ಲಿ ಗೇಟೂ ಇಲ್ಲ, ಮಾಲೀಕರೂ ಇಲ್ಲ, ಹುಲ್ಲು ಬೆಳೆದ ಎರಡು ಕಂಬ. ಕಂಬಗಳ ಮುಂದೆ ನಿಂತು ಹೇಳಿದೆ. "ಜೋರಾಗಿ" ಎಂದರು. ಜೋರಾಗಿ ಹೇಳಿದೆ.

ಸುದ್ದಿ ಬೇಗ ಹರಡಿತು. ಐದನೇ ಗೇಟಿನ ಹೊತ್ತಿಗೆ ಬಸ್ಸಿನಲ್ಲಿ ಜನ ನನ್ನನ್ನು ನೋಡಿ ಪಿಸುಗುಟ್ಟುತ್ತಿದ್ದರು. 'ದೆವ್ವದ ರಕ್ಷಾ' ಎಂದು ಯಾರೋ ಹಿಂದಿನಿಂದ ಅಂದರು. ನಾನು ಇಳಿದುಬಿಡಲು ಎದ್ದೆ. ನಿನ್ನ ಅವ್ವ ನನ್ನ ಕೈ ಹಿಡಿದು ಎಳೆದು ಕೂರಿಸಿದರು. ಸಮಾಧಾನಕ್ಕೆ ಎಂದುಕೊಂಡೆ. ಅಲ್ಲ. "ಅವ್ರು ಅನ್ನೋದ್ನ ಪೂರ್ತಿ ಕೇಳ್ಸ್ಕಳಿ" ಎಂದರು.

ನಿನ್ನೆ ಕೊನೆಯದು, ಮೂಡಿಗೆರೆ ಕಡೆ. ಅಂದು ಅವರನ್ನು ಓಡಿಸಿದ ಮೇಸ್ತ್ರಿ ಶಿವಯ್ಯ ಇನ್ನೂ ಇದ್ದಾನೆ, ಈಗ ಮುದುಕ. ಕಾಫಿ ಹಣ್ಣು ಉದುರುತ್ತಿದೆ, ಕೊಯ್ಯಲು ಆಳಿಲ್ಲ, ಅವನ ತಲೆ ಕೆಟ್ಟಿತ್ತು. ನಾನು ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು ತಂಗಮ್ಮನ ಕಡೆ ತಿರುಗಿ, "ಹೋಗ್ಲಿ ಬಿಡಮ್ಮಾ, ಹಳೇದು. ನಾಳೆಯಿಂದ ಬರ್ತೀಯಾ ಕೊಯ್ಲಿಗೆ? ಲೈನಲ್ಲಿ ಮನೆ ಕೊಡ್ತೀನಿ. ನಿನ್ನಂಥೋರು ಬೇಕು ಕಣಮ್ಮಾ" ಎಂದ.

ತಂಗಮ್ಮ ಗಿಡಗಳ ಕಡೆ ನೋಡಿದರು, ಕೊಂಬೆ ಕಾಣದಷ್ಟು ಕೆಂಪಾಗಿದ್ದವು. "ಇನ್ನೊಂದ್ಸಲ ಕೇಳು" ಎಂದರು.

ಅವನು ಮತ್ತೆ ಕರೆದ, ಈ ಸಲ ಕೈ ಮುಗಿದು.

"ಬರಲ್ಲ" ಎಂದರು.

ವಾಪಸು ಬರುವ ದಾರಿಯಲ್ಲಿ ನಗಲು ಶುರು ಮಾಡಿದವರು ಬಸ್‌ಸ್ಟಾಪಿನವರೆಗೂ ನಿಲ್ಲಿಸಲಿಲ್ಲ. ಸೆರಗು ಜಾರಿತ್ತು. ತಲೆಯೆಲ್ಲ ಬೆಳ್ಳಗೆ. ಆ ಕಣದ ದಿನದ ನಂತರ ನಾನು ಅವರ ತಲೆ ನೋಡಿದ್ದು ಇದೇ ಮೊದಲು.

ಕ್ಷಮಿಸಿದಿರಾ ಎಂದು ಬಸ್ಸು ಹತ್ತುವ ಮೊದಲು ಕೇಳಿದೆ. "ಇಲ್ಲ. ನಿಮ್ ಕೆಲ್ಸ ಮುಗೀತು, ಮನೆಗ್ ಹೋಗಿ" ಎಂದರು.

ಇನ್ನು ನಾನು ಬರೆಯುವುದಿಲ್ಲ. ನೀನೂ ಬರೆಯಬೇಡ.

ರಕ್ಷಾ


ಕೊಟ್ಟಿಗೆಹಾರ
22 ಡಿಸೆಂಬರ್ 2024

ಸುಕನ್ಯಾಗೆ,

ನಾನು ನಿನ್ನ ಅವ್ವ. ರೇವತಿ ಕೈಲಿ ಬರೆಸ್ತಾ ಇದ್ದೀನಿ. ನಾನ್ ಹೆಂಗೆ ಹೇಳ್ತೀನೋ ಹಂಗೇ ಬರಿ, ಚೆಂದ ಮಾಡ್ಬೇಡ ಅಂತ ಅವಳಿಗೆ ಹೇಳಿದ್ದೀನಿ.

ನೀನು ಭಾನುವಾರ ಭಾನುವಾರ ಬಂದು ರಸ್ತೆ ಆಚೆ ನಿಲ್ತೀಯಂತೆ. ನಿಲ್ಬೇಡ. ಚಾರ್ಮಾಡಿಯಿಂದ ಲಾರಿ ಜೋರಾಗಿ ಬರ್ತವೆ.

ಕಲ್ಲು ಹೊಡ್ದಿದ್ದು ಮಕ್ಕಳಾಟ ಅಂತ ಇಷ್ಟೊತ್ತಿಗೆ ಬಿಟ್ಬಿಡ್ತಿದ್ನೋ ಏನೋ. ಸುಮ್ಮನೆ ನಿಂತಿದ್ದೂ ಹೆದ್ರಿ ಅಂತ ಅಂದ್ಕಬೋದಿತ್ತು. ಇಲ್ಲಿಗೆ ಬಂದ್ಮೇಲೆ ಇನ್ನೊಂದು ಕಂಡೆ, ಅದನ್ನ ಬಿಡಕ್ಕಾಗ್ತಿಲ್ಲ.

ಈ ಹೋಟ್ಲಲ್ಲಿ ದೊಡ್ಡ ಟಿವಿ ಇದೆ. ಧರ್ಮಸ್ಥಳಕ್ಕೆ ಹೋಗೋ ಜನ ದೋಸೆ ತಿನ್ನುವಾಗ ನಿನ್ನ ದೆವ್ವದ ಪಿಕ್ಚರ್ ಹಾಕಿದ್ರು. ರೇವತಿ ಬಂದು, ಅಮ್ಮಾ ನಿಮ್ಮ ಮಗಳು ಬರ್ದಿದ್ದು ಬನ್ನಿ ಅಂತ ಕರ್ದಳು. ಕೈ ಒರೆಸ್ಕೊಂಡು ಬಂದೆ. ಹೆಮ್ಮೆ ಆಗಿತ್ತು ನಂಗೆ, ಸುಳ್ಯಾಕೆ ಹೇಳ್ಲಿ.

ಆ ಮುದ್ಕಿ ಬೈದ್ಲು. ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಅಡುಗೆಯವಳನ್ನ ಅಂಗಳದಲ್ಲಿ ನಿಲ್ಲಿಸಿದ್ರು. ಅವಳು ನಡುಗ್ತಾ, ನಾನಲ್ಲ ಕಣ್ರಪ್ಪೋ, ನಾನಲ್ಲ ಕಣ್ರಪ್ಪೋ ಅಂತ ಅಂದ್ಲು. ಅದು ನಾನು ಹೇಳಿದ್ ಮಾತು. ನೀನು ಅದನ್ನೂ ಹಾಕಿದ್ದೀಯ. ಆ ಜಪಾನಿನೋರು ಅವಳ ಕಣ್ಣನ್ನ ತಟ್ಟೆ ಹಂಗೆ ಮಾಡಿ, ಹಲ್ಲು ಕಟಕಟ ಮಾಡ್ಸಿ, ಕುಣಿಸಿದ್ದಾರೆ. ಇಡೀ ಹೋಟ್ಲು ನಗ್ತು. ಒಬ್ಬ ಗಂಡಸು ಎದ್ದು ನಿಂತು ಅವಳ ಹಂಗೆ ನಡುಗಿ ತೋರಿಸ್ದ.

ಸಣ್ಣಮ್ಮನ ಅಜ್ಜಿ ರಂಗಮ್ಮನ ಮೇಲೆ ಸೇಡು ತೀರಿಸ್ಕೋತೀನಿ ಅಂತ ನೀನು ನನ್ನ ಇನ್ನೊಂದ್ಸಲ ಕಣದಲ್ಲಿ ನಿಲ್ಸಿದೆ. ಅವತ್ತು ನೋಡ್ದೋರು ನೂರು ಜನ. ಇವತ್ತು ಎಷ್ಟು ಜನ ನೋಡ್ತಾವ್ರೆ? ನೀನು ಆಗ್ಲೂ ಪಕ್ಕದಲ್ಲಿ ನಿಂತಿದ್ದೆ, ಈಗ್ಲೂ.

ಸಣ್ಣಮ್ಮನಿಗೆ ಒಂಬತ್ತು ಗೇಟು ಸಾಕಾಯ್ತು. ಅವಳು ನಂಗೆ ಯಾರು? ನಿಂಗೆ ಎಷ್ಟು ಅಂತ ಇನ್ನೂ ಯೋಚನೆ ಮಾಡ್ತಾ ಇದ್ದೀನಿ. ಅಲ್ಲಿವರೆಗೂ ನಾನು ಇಲ್ಲೇ. ನಂಗೆ ಕೆಲಸ ಇದೆ, ಮಲಗಕ್ಕೆ ಜಾಗ ಇದೆ. ತಲೆ ಮೇಲೆ ಸೆರಗು ಹಾಕೋದು ಬಿಟ್ಟಿದ್ದೀನಿ, ಅದು ನೀನು ನೋಡೋ ಹಂಗಿಲ್ಲ.

ಕರೆದಾಗ ಬಾ. ಕರೀತೀನೋ ಇಲ್ವೋ ಗೊತ್ತಿಲ್ಲ.

ಮಕ್ಕಳಿಗೆ ಬರಿಯೋ ಕಾಗದದ ಕೊನೆಗೆ ಎಲ್ಲ ತಾಯಂದ್ರೂ ಊಟ ಆಯ್ತಾ ಅಂತ ಕೇಳ್ತಾರೆ, ಹಾಕ್ಲಾ ಅಂತ ರೇವತಿ ಕೇಳ್ತಾವ್ಳೆ.

ಬೇಡ ಅಂದಿದ್ದೀನಿ.

ತಂಗಮ್ಮ